ಪೆಲಿಕನ್ ಬಂಡೆಗೆ ಬೆಚ್ಚಗಿನ ಗಾಡಿ

ಆ ವರ್ಷದ ನವೆಂಬರಿನಲ್ಲಿ ಹೊಸ ಬಲೆಯೊಂದಕ್ಕೆ ಅರವತ್ತೆರಡು ಡಾಲರ್ ಇತ್ತು. ಮಂಜುಗಡ್ಡೆ ಕೊರೆಯುವ ಯಂತ್ರಕ್ಕೆ ಮುನ್ನೂರ ಐವತ್ತು. ಮೈಯೆಲ್ಲ ಗಾಳಿಗೆ ಒಡ್ಡಿಕೊಂಡು ಓಡಿಸುವ ಹಿಮಸ್ಕೂಟರ್, ಸೀಟು ಹರಿದದ್ದಾದರೆ, ಸಾವಿರದ ಇನ್ನೂರಕ್ಕೆ ಸಿಗುತ್ತಿತ್ತು. ಆದರೆ ಬಾಗಿಲು ಹಾಕಿಕೊಂಡು ಎಂಟು ಜನ ಬೆಚ್ಚಗೆ ಕೂರಬಹುದಾದ, ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ರಬ್ಬರ್ ಪಟ್ಟಿ ಇರುವ ಹಳೇ ಪಟ್ಟಿಗಾಡಿ ಬೇಕೆಂದರೆ ಒಂಬತ್ತು ಸಾವಿರದ ಐನೂರು. ಗಾಡಿಗೆ ನಲವತ್ತೈದು ವರ್ಷ ಆಗಿದ್ದರೂ ಅಷ್ಟೇ. ಅಂಥದ್ದನ್ನು ಈಗ ಯಾರೂ ಮಾಡುವುದಿಲ್ಲ. ಇರುವ ಕೆಲವನ್ನೇ ವಿನಿಪೆಗ್ ಸರೋವರದ ಮೀನುಗಾರರು ತೇಪೆ ಹಾಕಿ, ಎಂಜಿನ್ ಬದಲಿಸಿ, ತಮ್ಮತಮ್ಮಲ್ಲೇ ಕೈ ಬದಲಾಯಿಸುತ್ತಿದ್ದರು.

ಆಂಬ್ರೋಸನ ಹತ್ತಿರ ಏಳು ಸಾವಿರದ ಇನ್ನೂರು ಇತ್ತು.

ಅವನಿಗೆ ಐವತ್ತಾರು ವರ್ಷ. ನಲವತ್ತು ಚಳಿಗಾಲ ಸರೋವರದ ಮಂಜುಗಡ್ಡೆಯ ಮೇಲೆ ಕಳೆದಿದ್ದರೂ ಒಂದು ಪಟ್ಟಿಗಾಡಿಯನ್ನು ತನ್ನದು ಎಂದು ಹೇಳಿಕೊಂಡವನಲ್ಲ. ಹುಡುಗನಾಗಿದ್ದಾಗ ಬೇರೆಯವರ ಗಾಡಿಯಲ್ಲಿ ಕೂಲಿಗೆ ಹೋದ. ಮದುವೆಯಾದ ಮೇಲೆ ಹಿಮಸ್ಕೂಟರಿನ ಹಿಂದೆ ಒಂದು ಜಾರುಬಂಡಿ ಕಟ್ಟಿ, ಅದರಲ್ಲಿ ಬಲೆಗಳನ್ನೂ ಹೆಂಡತಿ ಡೆಲ್ಫಿನಳನ್ನೂ ಕೂರಿಸಿಕೊಂಡು ಹೋಗುತ್ತಿದ್ದ. ಅವಳು ಕರಡಿಯ ಹಾಗೆ ಕಂಬಳಿ ಸುತ್ತಿಕೊಂಡು, ಗಾಳಿಗೆ ಬೆನ್ನು ಹಾಕಿ ಕೂತು, ದಾರಿಯುದ್ದಕ್ಕೂ ಅವನಿಗೆ ಕೇಳಿಸದ ಬೈಗುಳ ಬೈಯುತ್ತಿದ್ದಳು. ಇಪ್ಪತ್ತೆಂಟು ಚಳಿಗಾಲ ಹೀಗೇ ನಡೆಯಿತು.

ಡೆಲ್ಫಿನಳಿಗೆ ಇದ್ದಂಥ ಕಿವಿ ಆ ದಡದಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಗಡ್ಡೆಯ ಕೆಳಗೆ ಬಲೆ ಹಾಸಬೇಕಾದರೆ ಮೊದಲು ಒಂದು ತೂತು ಕೊರೆದು ಅದರೊಳಗೆ ಜಿಗ್ಗರ್ ಹಲಗೆ ಇಳಿಸುತ್ತಾರೆ. ಹಲಗೆ ತೇಲಿ ಗಡ್ಡೆಯ ಅಡಿಗೆ ಅಂಟಿಕೊಳ್ಳುತ್ತದೆ. ಮೇಲಿನಿಂದ ಹಗ್ಗ ಎಳೆದು ಬಿಟ್ಟ ಹಾಗೆಲ್ಲ ಅದರ ಕಬ್ಬಿಣದ ತೋಳು ಗಡ್ಡೆಗೆ ಒದ್ದು, ಹಲಗೆ ಒಂದೊಂದೇ ಮೊಳ ಮುಂದಕ್ಕೆ ತೆವಳುತ್ತದೆ. ನೂರು ಗಜ ಹೋದ ಮೇಲೆ ಅದು ಎಲ್ಲಿದೆ ಎಂದು ಕಂಡುಹಿಡಿದು ಅಲ್ಲಿ ಎರಡನೇ ತೂತು ಕೊರೆಯಬೇಕು; ಆಮೇಲೆ ಹಗ್ಗಕ್ಕೆ ಬಲೆ ಕಟ್ಟಿ ಆ ತೂತಿನಿಂದ ಎಳೆದುಕೊಳ್ಳುವುದು. ಹೊಸ ಗಡ್ಡೆ ಗಾಜಿನ ಹಾಗಿದ್ದಾಗ ಹಲಗೆಯ ಬಣ್ಣ ಕಾಣುತ್ತದೆ. ಹಿಮ ಬಿದ್ದ ಮೇಲೆ ಕಿವಿಯೊಂದೇ ಗತಿ. ಡೆಲ್ಫಿನ್ ಟೋಪಿಯ ಒಂದು ಬದಿ ಎತ್ತಿಕೊಂಡು, ಆ ಟಕ್ ಟಕ್ ಸದ್ದಿನ ಜೊತೆಗೇ ಮೇಲೆ ನಡೆದು, ಒಂದು ಕಡೆ ನಿಂತು ಹಿಮ್ಮಡಿಯಿಂದ ಗುರುತು ಮಾಡುತ್ತಿದ್ದಳು. ಅಲ್ಲಿ ಕೊರೆದರೆ ಹಲಗೆ ಅಲ್ಲೇ ಇರುತ್ತಿತ್ತು. ಬೇರೆಯವರು ಮೂರು ತೂತು, ನಾಲ್ಕು ತೂತು ಕೊರೆದು ಬೆನ್ನು ಹಿಡಿದುಕೊಳ್ಳುತ್ತಿದ್ದರು. ಹಲಗೆ ಸಿಗದೆ ಆಂಬ್ರೋಸ್ ಇನ್ನೊಂದು ತೂತು ಕೊರೆದದ್ದು ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಸಲ ಎಂದು ಬೆರಳಲ್ಲಿ ಎಣಿಸಬಹುದಿತ್ತು.

ಎರಡು ವರ್ಷದ ಹಿಂದೆ ಅವಳ ಶ್ವಾಸಕೋಶ ಕೆಟ್ಟಿತು. ಚಳಿಗಾಳಿ ಎದೆಗೆ ಹೋಗಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಹಿಂದಿನ ಚಳಿಗಾಲವೆಲ್ಲ ಅವಳು ಅಡುಗೆಮನೆಯ ಕಿಟಕಿಯಲ್ಲಿ ಕೂತು, ತನ್ನ ತಮ್ಮ ಕ್ಲೋವಿಸನ ಜೊತೆ ಗಂಡ ಹೋಗಿಬರುವುದನ್ನು ನೋಡಿದಳು. ಈ ಸೆಪ್ಟೆಂಬರಿನಲ್ಲಿ ಪಟ್ಟಣದ ಆಸ್ಪತ್ರೆಯಿಂದ ಹಿಂದಿರುಗುವಾಗ, ಟ್ರಕ್ಕಿನಲ್ಲಿ, ಅವಳಾಗಿಯೇ ಕೇಳಿದಳು.

"ಈ ಚಳಿಗಾಲ ಒಂದ್ಸಲ ನನ್ನ ಪೆಲಿಕನ್ ಬಂಡೆಗೆ ಕರ್ಕೊಂಡು ಹೋಗು. ಮುಚ್ಚಿರೋ ಗಾಡೀಲಿ. ನಾನು ಕೆಳಗಿಳಿಯಲ್ಲ. ಎಂಜಿನ್ ಆರಿಸಿ, ನೆಲಕ್ಕೆ ಕಿವಿ ಇಟ್ಟು ಕೂತಿರ್ತೀನಿ. ಅಲ್ಲಿಂದಾನೂ ಕೇಳ್ಸತ್ತೆ."

"ಗಾಡಿ ನೆಲದಿಂದ ಕೇಳ್ಸತ್ತಾ?"

"ನಿನಗೆ ಕೇಳ್ಸಲ್ಲ. ನನಗೆ ಕೇಳ್ಸತ್ತೆ."

ಪೆಲಿಕನ್ ಬಂಡೆ ದಡದಿಂದ ಹದಿನೈದು ಮೈಲಿ. ಮದುವೆಯಾದ ಮೊದಲ ವರ್ಷ ಅವರಿಬ್ಬರೂ ಬಲೆ ಬಿಟ್ಟದ್ದು ಅಲ್ಲೇ. ಆಂಬ್ರೋಸ್ ಆಗಲಿ ಎಂದ. ಯಾವ ಚಳಿಗಾಲ ಎಂದು ಅವಳು ಇನ್ನೊಮ್ಮೆ ಹೇಳಲಿಲ್ಲ. ಅವನೂ ಕೇಳಲಿಲ್ಲ.

ಕೊಳ್ಳುವುದು ಹೇಗೆಂದು ಅವಳೇ ಹೇಳಿಕೊಟ್ಟಳು. ಮನೆಯಲ್ಲಿ ಚೌಕಾಸಿ ಅವಳ ಇಲಾಖೆ. ನೆಲದ ಹಲಗೆಗೆ ಚಾಕು ಚುಚ್ಚಿ ನೋಡು, ಚಾಕು ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಎದ್ದು ಬಾ. ಪಟ್ಟಿಯ ರಬ್ಬರನ್ನು ಬಗ್ಗಿಸಿ ನೋಡು, ಬಿರುಕು ಒಳಗಡೆ ಇರುತ್ತೆ. ಛಾವಣಿಯ ಮುಚ್ಚಳ ಒಂದೇ ಕೈಯಲ್ಲಿ ತೆಗೆಯಕ್ಕೆ ಬರಬೇಕು, ಗಡ್ಡೆ ಒಡೆದು ಗಾಡಿ ಮುಳುಗೋ ದಿನ ಅಲ್ಲಿಂದಾನೇ ಹೊರಗೆ ಬರಬೇಕು, ಇನ್ನೊಂದು ಕೈ ಖಾಲಿ ಇರಲ್ಲ. ಇಷ್ಟು ಹೇಳಿ, ಮೊದಲ ಬೆಲೆಗೆ ಒಪ್ಪಿಕೊಂಡು ಬಂದರೆ ಮನೆಯೊಳಗೆ ಸೇರಿಸಲ್ಲ ಎಂದಳು.

ಮೊದಲು ನೋಡಿದ್ದು ಹೆದ್ದಾರಿಯ ಪೆಟ್ರೋಲ್ ಬಂಕಿನವನ ಗಾಡಿ. ಕೆಂಪು ಬಣ್ಣ ಹೊಸದಾಗಿ ಹೊಳೆಯುತ್ತಿತ್ತು, ಒಳಗೆ ಹೂವಿನ ಕಂಬಳಿ ಹಾಸಿತ್ತು, ಬೆಲೆ ಬರೀ ಆರು ಸಾವಿರ. ಆಂಬ್ರೋಸ್ ಚಾಲಕನ ಸೀಟಿನಲ್ಲಿ ಕೂತು ಸ್ಟೀರಿಂಗ್ ಹಿಡಿದ ಕೂಡಲೇ ಮದುವೆಗಂಡಿನ ಹಾಗೆ ನಗತೊಡಗಿದ. ಜೊತೆಗೆ ಹೋಗಿದ್ದ ಕ್ಲೋವಿಸ್ ಕಂಬಳಿಯ ಮೂಲೆ ಎತ್ತಿ, ಚಾಕು ಚುಚ್ಚಿದ. ಚಾಕು ಹಿಡಿಯವರೆಗೆ ಹೋಗಿ ಕೆಳಗಿನ ಹಿಮಕ್ಕೆ ತಾಗಿತು.

"ಬಾವ," ಎಂದ ಕ್ಲೋವಿಸ್, ಬಂಕಿನವನಿಗೆ ಕೇಳುವ ಹಾಗೆ, "ಮೀನು ಹಿಡಿಯೋಕೆ ಇದೇ ಒಳ್ಳೇದು. ತೂತು ಕೊರೆಯೋ ಕಷ್ಟ ಇಲ್ಲ, ಕೂತಲ್ಲಿಂದಾನೇ ಬಲೆ ಬಿಡ್ಬೋದು."

ಎರಡನೆಯದು ವಾಲ್ಡಿಯ ಗಾಡಿ. ವಾಲ್ಡಿ ಐಸ್‌ಲ್ಯಾಂಡಿನಿಂದ ಬಂದವರ ಮೊಮ್ಮಗ, ಎಪ್ಪತ್ತೊಂದು ವರ್ಷದವನು. ದಡಗುಂಟ ನಲವತ್ತು ಮೈಲಿ ಉತ್ತರಕ್ಕೆ ಅವನ ಊರು. ಮಂಡಿ ಎರಡೂ ಹೋಗಿದ್ದರಿಂದ ಮಾರುತ್ತಿದ್ದ. ನೀಲಿ ಬಣ್ಣದ ಗಾಡಿ, ಹಡಗಿನದರಂಥ ದುಂಡು ಕಿಟಕಿಗಳು, ಪ್ರತಿ ವಸಂತದಲ್ಲೂ ಎಣ್ಣೆ ಕುಡಿದು ಗಟ್ಟಿಯಾಗಿದ್ದ ನೆಲ. ಕ್ಲೋವಿಸನ ಚಾಕು ತುದಿ ಬಗ್ಗಿಸಿಕೊಂಡು ಹಿಂದೆ ಬಂತು. ಛಾವಣಿಯ ಮುಚ್ಚಳ ಆಂಬ್ರೋಸನ ಎರಡು ಬೆರಳಿಗೇ ಎದ್ದಿತು. ವಾಲ್ಡಿ ಎಂಜಿನ್ ಹೊತ್ತಿಸಿದ. ಹತ್ತು ನಿಮಿಷಕ್ಕೆ ಆಂಬ್ರೋಸ್ ಕೈಗವಸು ತೆಗೆದ, ಇಪ್ಪತ್ತು ನಿಮಿಷಕ್ಕೆ ಕೋಟು. ಹಿಂದಿನ ಬೆಂಚಿನ ಬಲತುದಿಯಲ್ಲಿ, ದುಂಡು ಕಿಟಕಿಯ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿದ. ಹೀಟರಿನ ಬಿಸಿ ನೇರ ಕಾಲಿಗೆ ಬರುತ್ತಿತ್ತು.

ಒಳಗೆ ವಾಲ್ಡಿಯ ಹೆಂಡತಿ ಲೋವಾ ಕಾಫಿ ಕೊಟ್ಟು, ಪ್ಲಮ್ ಹಣ್ಣಿನ ಏಳು ಪದರದ ಕೇಕು ಕತ್ತರಿಸಿ ಇಟ್ಟಳು. ವಾಲ್ಡಿ ಸಕ್ಕರೆಯ ಹರಳನ್ನು ಹಲ್ಲಲ್ಲಿ ಕಚ್ಚಿಕೊಂಡು ಅದರ ಮೂಲಕವೇ ಕಾಫಿ ಹೀರುತ್ತ ಒಂಬತ್ತೂವರೆ ಸಾವಿರ ಎಂದ. ಆಂಬ್ರೋಸ್ ಆರೂವರೆ ಎಂದ. ಆಮೇಲೆ ಅರ್ಧ ಗಂಟೆ ಹವಾಮಾನ, ಮೀನಿನ ದರ, ಯಾರ ಗಾಡಿ ಎಲ್ಲಿ ಮುಳುಗಿತು, ಹೇಗೆ ಎತ್ತಿದರು ಎಂಬ ಮಾತು. ವಾಲ್ಡಿ ಎಂಟೂವರೆಗೆ ಇಳಿದ. ಆಂಬ್ರೋಸ್ ಏಳಕ್ಕೆ ಏರಿದ. ಇಬ್ಬರೂ ಅಲ್ಲಿ ನಿಂತರು.

ಯಾಕೆ ಬೇಕು ಎಂದು ವಾಲ್ಡಿ ಕೇಳಲಿಲ್ಲ, ಆಂಬ್ರೋಸ್ ಹೇಳಲಿಲ್ಲ. ಆ ದಡದ ರೀತಿಯೇ ಹಾಗೆ. ವ್ಯಾಪಾರಕ್ಕೆ ಕೂತಾಗ ಮನೆಯ ಕಷ್ಟವನ್ನು ಮೇಜಿನ ಮೇಲೆ ಇಡಬಾರದು. ಇಟ್ಟರೆ ಅದು ವ್ಯಾಪಾರವಲ್ಲ, ಚರ್ಚಿನ ಬಾಗಿಲಲ್ಲಿ ಟೋಪಿ ಹಿಡಿದು ನಿಂತ ಹಾಗೆ. ಎದುರಿನವನ ಕೈ ಕಟ್ಟಿಹಾಕಿದ ಹಾಗೆ. ಅಲ್ಲದೆ ಚಳಿಗಾಲದ ಮೀನುಗಾರಿಕೆ ಮುಗಿಯುವ ಮಾರ್ಚಿನಲ್ಲಿ ಪಟ್ಟಿಗಾಡಿಯ ಬೆಲೆ ತಾನಾಗಿಯೇ ಬೀಳುತ್ತದೆ. ಬುದ್ಧಿ ಇದ್ದವನು ಕಾಯುತ್ತಾನೆ. ಇದು ಎಲ್ಲರಿಗೂ ಗೊತ್ತು.

ಹಿಂದಿರುಗುವಾಗ ಕ್ಲೋವಿಸ್, ಅಕ್ಕನ ವಿಷಯ ಹೇಳಿದ್ದರೆ ಮುದುಕ ಇವತ್ತೇ ಕೊಡುತ್ತಿದ್ದ ಎಂದ. ಮನೆಯಲ್ಲಿ ಅದನ್ನೇ ಡೆಲ್ಫಿನಳ ಮುಂದೆಯೂ ಹೇಳಿದ. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಿದಳು.

"ನನ್ನ ಎದೆಗೂಡು ಅವನ ಮೇಜಿನ ಮೇಲೆ ಇಡೋ ಸಾಮಾನಲ್ಲ. ಇಬ್ರೂ ಕೇಳ್ಕೊಳ್ಳಿ."

ಆಮೇಲೆ ಗಂಡನಿಂದ ಎಲ್ಲ ವಿವರ ಕೇಳಿ ತಿಳಿದಳು: ಕಿಟಕಿ ಎಷ್ಟು ದೊಡ್ಡದು, ಬೆಂಚು ಎಷ್ಟು ಗಟ್ಟಿ, ಹೀಟರಿನ ಬಿಸಿ ಎಲ್ಲಿಗೆ ಬರುತ್ತದೆ. ಮರುದಿನ ಹಳೇ ಜಾರುಬಂಡಿಯ ಕಂಬಳಿಯನ್ನು ಕತ್ತರಿಸಿ, ಒಂದು ದಿಂಬು ಹೊಲಿಯಲು ಕೂತಳು.

ಡಿಸೆಂಬರಿನಲ್ಲಿ ಮೀನು ಚೆನ್ನಾಗಿ ಬಿತ್ತು. ಹೊಸ ವರ್ಷದ ದಿನ ಡೆಲ್ಫಿನ್ ಮಾಂಸದುಂಡೆಯ ಸಾರು ಮಾಡಿದಳು; ಕಲಕುವ ಕೆಲಸಕ್ಕೆ ಕ್ಲೋವಿಸನನ್ನು ನಿಲ್ಲಿಸಿ, ತಾನು ಕುರ್ಚಿಯಲ್ಲಿ ಕೂತು ಹುಕುಂ ಕೊಟ್ಟಳು. ಬೇಸಿಗೆಯಲ್ಲಿದ್ದುದಕ್ಕಿಂತ ತೆಳ್ಳಗಾಗಿದ್ದಳು. ಮಾತು ಹಿಂದಿನಷ್ಟೇ ಇತ್ತು, ನಡುವೆ ಉಸಿರಿಗಾಗಿ ನಿಲ್ಲಿಸುತ್ತಿದ್ದಳು.

ಜನವರಿ ಎರಡನೇ ವಾರ ಆಂಬ್ರೋಸ್ ಮತ್ತೆ ವಾಲ್ಡಿಯ ಮನೆಗೆ ಹೋದ. ಕೋಟಿನ ಒಳಜೇಬಿನಲ್ಲಿ, ಲಕೋಟೆಯೊಳಗೆ, ಸರಿಯಾಗಿ ಎಂಟು ಸಾವಿರ ಡಾಲರ್ ಇತ್ತು. ಕ್ಲೋವಿಸ್ ಟ್ರಕ್ಕಿನಲ್ಲೇ ಕೂತ. ಅದೇ ಮೇಜು, ಅದೇ ಕಾಫಿ. ವಾಲ್ಡಿ ಈ ಸಲ ಸುತ್ತಿಬಳಸದೆ ಎಂಟು ಎಂದ. ಜೇಬಿನಲ್ಲಿದ್ದಷ್ಟೇ. ಆಂಬ್ರೋಸನ ಕೈ ಕೋಟಿನ ಗುಂಡಿಯವರೆಗೆ ಹೋಯಿತು. ಆದರೆ ವಾಲ್ಡಿ ಬಟ್ಟಲನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಿದ್ದ. ಮುದುಕ ಸಡಿಲವಾಗುತ್ತಿದ್ದಾನೆ, ಇನ್ನೊಂದು ಎಳೆತಕ್ಕೆ ಬರುತ್ತಾನೆ ಎಂದು ಆಂಬ್ರೋಸನಿಗೆ ಖಚಿತವಾಗಿ ಅನಿಸಿತು. ಐನೂರು ಡಾಲರ್ ಎಂದರೆ ಎಂಟು ಹೊಸ ಬಲೆ. ಜೊತೆಗೆ, ಈ ಸಲ ನಾನು ಗೆದ್ದೆ ಎಂದು ಮನೆಗೆ ಹೋಗಿ ಅವಳಿಗೆ ಹೇಳುವ ಆಸೆ.

ಏಳೂವರೆ ಎಂದ.

ವಾಲ್ಡಿ ತಲೆಯಾಡಿಸಿದ. ಆಂಬ್ರೋಸ್ ಎದ್ದು, ಕೈಗವಸನ್ನು ಒಂದೊಂದೇ ಬೆರಳು ಸೇರಿಸಿ ಹಾಕಿಕೊಂಡ. ಅಂಗಳವನ್ನು ನಿಧಾನವಾಗಿ ದಾಟಿ, ಟ್ರಕ್ಕಿನ ಬಾಗಿಲು ಹಿಡಿದುಕೊಂಡು ಬೇಕೆಂದೇ ಸ್ವಲ್ಪ ಹೊತ್ತು ನಿಂತ. ವಾಲ್ಡಿ ಕಿಟಕಿಯಲ್ಲಿ ಕಾಣಿಸಿಕೊಂಡು ಕೈ ಎತ್ತಿದ. ಕರೆಯಲಿಕ್ಕಲ್ಲ, ಹೋಗಿ ಬಾ ಎನ್ನಲಿಕ್ಕೆ.

"ದುಡ್ಡು ಇತ್ತಲ್ಲ ಬಾವ?" ಎಂದ ಕ್ಲೋವಿಸ್.

"ಇತ್ತು. ಕರೀತಾನೆ. ಇನ್ನೊಂದು ತಿಂಗಳು, ಹೆಚ್ಚಂದ್ರೆ."

ಡೆಲ್ಫಿನ್ ಕೇಳಿದ ಮೇಲೆ, ಸರಿಯಾಗಿಯೇ ಮಾಡಿದೆ ಎಂದಳು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ ಎಂದೂ ಸೇರಿಸಿದಳು. ಹೇಳುವಾಗ ಅವನ ಕಡೆ ನೋಡದೆ ಕಿಟಕಿಯ ಹೊರಗೆ, ಸರೋವರದ ಕಡೆ ನೋಡುತ್ತಿದ್ದಳು. ದಿಂಬು ಹೊಲಿದು ಮುಗಿದಿತ್ತು. ಅದನ್ನು ತನ್ನ ಅಡುಗೆಮನೆಯ ಕುರ್ಚಿಗೇ ಹಾಕಿಕೊಂಡು ಕೂತಿದ್ದಳು.

ಫೆಬ್ರವರಿ ಹನ್ನೊಂದು, ಮಂಗಳವಾರ, ಮಧ್ಯಾಹ್ನ, ಡೆಲ್ಫಿನ್ ತೀರಿಕೊಂಡಳು. ಹೊರಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿನ ಶೀತವಿತ್ತು. ಕೊನೆಯ ಎರಡು ದಿನ ಅವಳು ಮಾತಾಡಲಿಲ್ಲ. ಆಂಬ್ರೋಸ್ ಹಾಸಿಗೆಯ ಪಕ್ಕ ಕೂತು, ಗಾಡಿ ಇನ್ನೇನು ಬಂತು ಎಂದು ಎರಡು ಸಲ ಹೇಳಿದ. ಅವಳಿಗೆ ಕೇಳಿಸಿತೋ ಇಲ್ಲವೋ. ನೆಲ ಕಲ್ಲಾಗಿದ್ದರಿಂದ ಗುಂಡಿ ತೆಗೆಯಲು ಒಂದು ದಿನ ಮೊದಲೇ ಟೈರು ಸುಟ್ಟು ಮಣ್ಣು ಬಿಸಿ ಮಾಡಬೇಕಾಯಿತು.

ಮಣ್ಣು ಮಾಡಿ ಮನೆಗೆ ಬಂದಾಗ ಫೋನ್ ರಿಂಗಾಗುತ್ತಿತ್ತು. ಕ್ಲೋವಿಸ್ ಎತ್ತಿದ. ವಾಲ್ಡಿ. ಖುಷಿಯಲ್ಲಿದ್ದ. ನಿನ್ನ ಬಾವನಿಗೆ ಹೇಳು, ಅವನೇ ಗೆದ್ದ, ಏಳೂವರೆಗೆ ಕೊಟ್ಟೆ, ಲೋವಾ ದಿನಾ ಬೈಯುತ್ತಾಳೆ, ಬಂದು ತಗೊಂಡು ಹೋಗಲಿ ಎಂದ. ಕ್ಲೋವಿಸ್ ಟೋಪಿ ತೆಗೆದ. ಆಮೇಲೆ ಎಲ್ಲ ಹೇಳಿದ. ಗಾಡಿ ಯಾರಿಗೆ ಬೇಕಾಗಿತ್ತು, ಯಾಕೆ ಬೇಕಾಗಿತ್ತು, ಈಗ ತಾನೇ ಎಲ್ಲಿಂದ ಬಂದೆವು, ಎಲ್ಲವನ್ನೂ. ಆ ಕಡೆಯಿಂದ ಫೋನ್ ಇಟ್ಟ ಸದ್ದು ತುಂಬ ಹೊತ್ತಿನ ಮೇಲೆ ಬಂತು.

ನಾಲ್ಕನೇ ದಿನ ಬೆಳಿಗ್ಗೆ ಸರೋವರದ ಕಡೆಯಿಂದ ಎಂಜಿನ್ ಸದ್ದು ಕೇಳಿಸಿತು. ವಾಲ್ಡಿ ನಲವತ್ತು ಮೈಲಿ ಗಡ್ಡೆಯ ಮೇಲೆ ತಾನೇ ಓಡಿಸಿಕೊಂಡು ಬಂದಿದ್ದ. ಲೋವಾ ಕೊಟ್ಟ ಕೇಕು ಕಾಗದದಲ್ಲಿ ಸುತ್ತಿ ಪಕ್ಕದಲ್ಲಿತ್ತು. ಮಂಡಿ ನೋವಿಗೆ ಒಂದೊಂದೇ ಕಾಲು ಇಳಿಸಿ, ಟೋಪಿ ತೆಗೆದು, ಅಡುಗೆಮನೆಗೆ ಬಂದು ಕೂತ. ದಿಂಬಿದ್ದ ಕುರ್ಚಿಯನ್ನು ನೋಡಿ, ಅದನ್ನು ಬಿಟ್ಟು ಇನ್ನೊಂದರಲ್ಲಿ ಕೂತ. ಆಂಬ್ರೋಸ್ ಕಾಫಿ ಕೊಟ್ಟ.

"ಎರಡು ಸಲ ನನ್ನ ಮೇಜಲ್ಲಿ ಕೂತೆ," ಎಂದ ವಾಲ್ಡಿ. "ಹೆಂಡ್ತಿಗೆ ಹಿಂಗಿದೆ ಅಂತ ಒಂದು ಮಾತು ಬಾಯಿಂದ ಬರ್ಲಿಲ್ಲ."

"ಹೇಳಿದ್ರೆ ಬೇಡಿದ ಹಾಗಾಗ್ತಿತ್ತು."

"ಆಗ್ತಿತ್ತು. ಬೇಡಿದ್ರೆ ಏನಯ್ಯಾ ಹೋಗ್ತಿತ್ತು ನಿಂದು?"

ಆಂಬ್ರೋಸ್ ಎದ್ದು ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಸುರಿದ.

"ನಂದೂ ಇದೆ," ಎಂದ ವಾಲ್ಡಿ, ಬಟ್ಟಲು ತಿರುಗಿಸುತ್ತ. "ಐವತ್ತು ದಾಟಿದೋನು ಮೊದಲನೇ ಸಲ ಗಾಡಿ ತಗೊಳ್ಳೋಕೆ ಬಂದಿದಾನೆ. ಚಾಲಕನ ಸೀಟು ಬಿಟ್ಟು ಹಿಂದಿನ ಬೆಂಚಲ್ಲಿ ಹೋಗಿ ಕೂರ್ತಾನೆ. ಯಾಕಪ್ಪಾ ಅಂತ ಕೇಳ್ಬೇಕು ಅನ್ನಿಸ್ತು. ಕೇಳಿದ್ರೆ ಬೆಲೆ ಇಳಿಸ್ಬೇಕಾದೀತು ಅಂತ ಸುಮ್ಮನಾದೆ."

ಇಬ್ಬರೂ ಕಾಫಿ ಕುಡಿದರು. ಗಾಡಿ ಇಲ್ಲೇ ಇರಲಿ, ದುಡ್ಡು ಬೇಡ ಎಂದ ವಾಲ್ಡಿ. ಆಂಬ್ರೋಸ್ ಒಪ್ಪಲಿಲ್ಲ, ಎಂಟು ಸಾವಿರ ಎಣಿಸಿ ಮೇಜಿನ ಮೇಲಿಟ್ಟ. ವಾಲ್ಡಿ ಐದು ಎಂದ. ಆಂಬ್ರೋಸ್ ಎಂಟು ಎಂದ. ವಾಲ್ಡಿ ಆರು ಎಂದ, ಆರೂವರೆ ಎಂದ. ಮಾರುವವನು ಕಡಿಮೆ ಸಾಕೆಂದು, ಕೊಳ್ಳುವವನು ಹೆಚ್ಚು ಕೊಡುತ್ತೇನೆಂದು ಹೀಗೆ ಚೌಕಾಸಿ ಮಾಡಿದ್ದನ್ನು ಕ್ಲೋವಿಸ್ ಹಿಂದೆಂದೂ ನೋಡಿರಲಿಲ್ಲ. ಗೋಡೆಗೆ ಒರಗಿ ನಿಂತು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡ. ಕೊನೆಗೆ ವಾಲ್ಡಿ ಏಳೂವರೆಯನ್ನು ಎತ್ತಿಕೊಂಡು, ಉಳಿದ ಐನೂರನ್ನು ಲಕೋಟೆಗೆ ಹಾಕಿ, ಆಂಬ್ರೋಸನ ಕಡೆ ತಳ್ಳಿದ. ಫೋನಿನಲ್ಲಿ ಹೇಳಿದ ಬೆಲೆ ಅದೇ, ಹೇಳಿದ ಮೇಲೆ ಬದಲಾಯಿಸುವ ಅಭ್ಯಾಸ ತನಗಿಲ್ಲ ಎಂದ. ಕ್ಲೋವಿಸ್ ಅವನನ್ನು ಟ್ರಕ್ಕಿನಲ್ಲಿ ಊರಿಗೆ ಬಿಟ್ಟುಬಂದ.

ಮಾರ್ಚ್ ಮೊದಲ ವಾರ ಆಂಬ್ರೋಸನೂ ಕ್ಲೋವಿಸನೂ ಪಟ್ಟಿಗಾಡಿಯಲ್ಲಿ ಪೆಲಿಕನ್ ಬಂಡೆಗೆ ಹೋದರು. ಗಡ್ಡೆ ಇನ್ನೂ ನಾಲ್ಕಡಿ ದಪ್ಪ, ಮೇಲೆ ಮೊಣಕಾಲಷ್ಟು ಹಿಮ. ಗಾಡಿ ಹಾಸಿಗೆಯ ಮೇಲೆ ಹೋದ ಹಾಗೆ ಹೋಯಿತು. ಹಿಂದಿನ ಬೆಂಚಿನ ಬಲತುದಿಯಲ್ಲಿ ದಿಂಬು ಇತ್ತು. ಅದರ ಮೇಲೆ ಯಾರೂ ಕೂರಲಿಲ್ಲ, ಬಲೆಯ ಪೆಟ್ಟಿಗೆಯನ್ನೂ ಇಡಲಿಲ್ಲ. ಹೀಟರಿನ ಬಿಸಿ ಅದರ ಕೆಳಗೆ ಸುಮ್ಮನೆ ಸುರಿಯುತ್ತಿತ್ತು.

ತೂತು ಕೊರೆದು ಜಿಗ್ಗರ್ ಇಳಿಸಿದರು. ಆಂಬ್ರೋಸ್ ಹಗ್ಗ ಎಳೆದ, ಕ್ಲೋವಿಸ್ ಟೋಪಿ ಎತ್ತಿಕೊಂಡು ಮೇಲೆ ನಡೆದ. ನೂರು ಗಜ ಆದ ಮೇಲೆ ಒಂದು ಕಡೆ ನಿಂತು ಇಲ್ಲಿ ಎಂದ. ಕೊರೆದರು, ಇರಲಿಲ್ಲ. ಇನ್ನೊಂದು ಕಡೆ ತೋರಿಸಿದ. ಅಲ್ಲೂ ಇರಲಿಲ್ಲ. ಮೂರನೆಯದೂ ಖಾಲಿ.

"ಅಕ್ಕ ಇದ್ದಿದ್ರೆ ಈಗ ನನ್ನ ಕಿವಿ ಹಿಂಡಿ ಮೀನಿಗೆ ಹಾಕ್ತಿದ್ಲು," ಎಂದ ಕ್ಲೋವಿಸ್. ಇಬ್ಬರೂ ನಗಲು ನೋಡಿದರು.

ಆಂಬ್ರೋಸ್ ಹಗ್ಗವನ್ನು ಅವನ ಕೈಗೆ ಕೊಟ್ಟು, ಮುಂದೆ ಹೋಗದೆ ಸದ್ದು ಮಾತ್ರ ಬರುವಷ್ಟು ಎಳೆಯುತ್ತಿರು ಎಂದು ಹೇಳಿ, ಗಾಡಿಯನ್ನು ಜಿಗ್ಗರ್ ಇರಬಹುದಾದ ಕಡೆ ತಂದು ನಿಲ್ಲಿಸಿದ. ಎಂಜಿನ್ ಆರಿಸಿದ. ಹಿಂದಿನ ಬೆಂಚಿನ ಮುಂದೆ, ನೆಲದ ಮೇಲೆ, ಮಂಡಿಯೂರಿ ಬಗ್ಗಿ ಹಲಗೆಗೆ ಕಿವಿ ಇಟ್ಟ. ಮೊದಲು ತನ್ನ ರಕ್ತದ ಸದ್ದೇ ಕೇಳಿಸಿತು. ಆಮೇಲೆ ಎಂಜಿನ್ ತಣ್ಣಗಾಗುವ ಸದ್ದು. ಅದೂ ನಿಂತ ಮೇಲೆ, ತುಂಬ ಕೆಳಗಿನಿಂದ, ಗಡ್ಡೆಯಿಂದ ಪಟ್ಟಿಗೆ, ಪಟ್ಟಿಯಿಂದ ಹಲಗೆಗೆ ಏರಿ ಬಂತು: ಟಕ್. ಸ್ವಲ್ಪ ಬಿಟ್ಟು, ಟಕ್.

ಅವಳು ಹೇಳಿದ್ದು ನಿಜ. ಗಾಡಿಯೊಳಗಿಂದ ಕೇಳಿಸುತ್ತಿತ್ತು. ಅವನ ಕಿವಿಗೇ ಕೇಳಿಸಿತು.

ಕ್ಲೋವಿಸ್ ತುಂಬ ಹೊತ್ತು ಹಗ್ಗ ಎಳೆದು, ಕೊನೆಗೆ ಬಂದು ಬಾಗಿಲು ತೆರೆದು ನೋಡಿದ. ಬಾವ ಅಲ್ಲೇ ನೆಲಕ್ಕೆ ಮುಖ ಇಟ್ಟುಕೊಂಡಿದ್ದ. ಕ್ಲೋವಿಸ್ ಬಾಗಿಲನ್ನು ಮೆಲ್ಲಗೆ ಹಾಕಿ, ಹೋಗಿ ಮತ್ತೆ ಹಗ್ಗ ಹಿಡಿದ.

ಆ ವ್ಯಾಪಾರದಲ್ಲಿ ಆಂಬ್ರೋಸನಿಗೆ ಒಳ್ಳೆಯ ಗಾಡಿ ಸಿಕ್ಕಿತು, ಐನೂರು ಡಾಲರ್ ಉಳಿಯಿತು. ಜನವರಿಯ ಎರಡನೇ ವಾರದಿಂದ ಫೆಬ್ರವರಿ ಹನ್ನೊಂದರವರೆಗೆ ಇಪ್ಪತ್ತೆಂಟು ದಿನ ಇತ್ತು, ಅದರಲ್ಲಿ ಯಾವ ದಿನವಾದರೂ ಅವಳನ್ನು ಕರೆದೊಯ್ಯಲು ಆಗುತ್ತಿತ್ತು. ಅದು ಹೋಯಿತು.